ಕೊಳಚೆ ನೀರಿನ ದಾರಿಯಲ್ಲಿ ಒಂದು ಜಾಲರಿ

ನೀಲಗಿರಿಯ ನೀರು ನೀಲಗಿರಿಯಲ್ಲೇ ನಿಲ್ಲುವುದಿಲ್ಲ. ಮಸಿನಗುಡಿಯ ಕಡೆಯ ಮೋಯಾರ್ ಹೊಳೆ ಭವಾನಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಗೂಡಲೂರಿನ ಪಾಂಡಿಯಾರ್ ನೀರು ಕೇರಳದ ಚಾಲಿಯಾರ್ ನದಿಯನ್ನು ತಲುಪುತ್ತದೆ. 1820ರ ದಶಕದಲ್ಲಿ ಜಾನ್ ಸಲ್ಲಿವನ್ ಕಟ್ಟಿಸಿದ ಉದಕಮಂಡಲದ ಕೆರೆಗೆ ಕೋಡಪ್ಪಮಂದು ಕಾಲುವೆಯು ಮಳೆನೀರಿನೊಡನೆ ಪಟ್ಟಣದ ಕೊಳಚೆಯನ್ನೂ ಕಸವನ್ನೂ ಹೊತ್ತು ತಂದಿರುವುದು ನಮಗೆಲ್ಲ ತಿಳಿದದ್ದೇ.

ವಸತಿ ಶಾಲೆ, ಆಸ್ಪತ್ರೆ, ಹೋಟೆಲುಗಳಂತಹ ದೊಡ್ಡ ಸಂಸ್ಥೆಗಳ ಕೊಳಚೆಯಲ್ಲಿ ಅನ್ನದ ಅಗುಳು, ಕೂದಲು, ಬಟ್ಟೆಯ ಚೂರು, ಸ್ಯಾನಿಟರಿ ಪ್ಯಾಡ್, ಪ್ಲಾಸ್ಟಿಕ್ ಕವರುಗಳೂ ಇರುತ್ತವೆ. ಶುದ್ಧೀಕರಣ ಘಟಕದ ಸೂಕ್ಷ್ಮಜೀವಿಗಳು ಮಲ ಮತ್ತು ಆಹಾರದ ಅಂಶವನ್ನು ಕರಗಿಸಬಲ್ಲವೇ ಹೊರತು ಪ್ಲಾಸ್ಟಿಕ್ಕನ್ನಲ್ಲ. ಬೆಟ್ಟದ ಚಳಿಯಲ್ಲಿ ಅವುಗಳ ಕೆಲಸವೂ ನಿಧಾನ. ಕಸ ಒಳಹೊಕ್ಕರೆ ಪಂಪು ಸಿಕ್ಕಿಕೊಳ್ಳುತ್ತದೆ, ಕೊಳವೆ ಕಟ್ಟುತ್ತದೆ, ಕೊಳಚೆ ಉಕ್ಕಿ ಹಳ್ಳಕ್ಕೆ ಇಳಿಯುತ್ತದೆ.

ಇದನ್ನು ತಡೆಯುವುದೇ ಜಾಲರಿ. ಘಟಕದ ಮೊದಲ ತೊಟ್ಟಿಯಲ್ಲಿ ಕಬ್ಬಿಣದ ಸರಳುಗಳನ್ನು ಓರೆಯಾಗಿ ನಿಲ್ಲಿಸುತ್ತಾರೆ. ದಪ್ಪ ಕಸಕ್ಕೆ ಸರಳುಗಳ ನಡುವೆ ಸಾಮಾನ್ಯವಾಗಿ 20ರಿಂದ 50 ಮಿಲಿಮೀಟರ್ ಅಂತರ. ಅದರ ಮುಂದೆ ಕೆಲವು ಮಿಲಿಮೀಟರ್ ಕಿಂಡಿಯ ನುಣುಪು ಜಾಲರಿ. ಓರೆಯಾಗಿರುವುದರಿಂದ ಮೇಲೆ ನಿಂತೇ ಉದ್ದ ಹಿಡಿಯ ರೇಕಿನಿಂದ ಕಸವನ್ನು ಎಳೆದು ತೆಗೆಯಬಹುದು. ಅಡುಗೆಮನೆಯ ನೀರಿಗೆ ಎಣ್ಣೆ ಹಿಡಿಯುವ ತೊಟ್ಟಿ ಬೇರೆಯೇ ಇರಬೇಕು.

ಪ್ರತಿದಿನ ಶುಚಿ ಮಾಡದಿದ್ದರೆ ಜಾಲರಿಯೇ ಅಡ್ಡಗಟ್ಟೆಯಾಗುತ್ತದೆ. ತೆಗೆದ ಕಸವನ್ನು ನೀರು ಸೋರಿಸಿ, ಮುಚ್ಚಿದ ಡಬ್ಬಿಯಲ್ಲಿಟ್ಟು, ನಗರಸಭೆ ಅಥವಾ ಪಂಚಾಯಿತಿಯ ವ್ಯವಸ್ಥೆಗೆ ಒಪ್ಪಿಸಬೇಕು. ಬಯಲಿನಲ್ಲಿ ಸುರಿದರೆ ಕಾಡುಹಂದಿ, ಕಡವೆ, ಆನೆಗಳ ಹೊಟ್ಟೆ ಸೇರುತ್ತದೆ.

ಇದರಲ್ಲಿ ಮನುಷ್ಯರ ಪ್ರಾಣದ ಪ್ರಶ್ನೆಯೂ ಇದೆ. ಕಟ್ಟಿಕೊಂಡ ಗುಂಡಿಗೆ ಇಳಿದವರನ್ನು ವಿಷಾನಿಲ ಕ್ಷಣದಲ್ಲಿ ಕೊಲ್ಲಬಲ್ಲದು. ಮಲಗುಂಡಿ, ಒಳಚರಂಡಿಗಳ ಅಪಾಯಕಾರಿ ಶುಚಿಕಾರ್ಯಕ್ಕೆ ಜನರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಕಸ ಮೊದಲೇ ತಡೆಯಲ್ಪಟ್ಟರೆ ಗುಂಡಿಗೆ ಇಳಿಸುವ ನೆಪವೇ ಕಡಿಮೆಯಾಗುತ್ತದೆ.

ಸುಪ್ರಿಯಾ ಸಾಹು ಅವರು ಜಿಲ್ಲಾಧಿಕಾರಿಯಾಗಿದ್ದ ಕಾಲದಿಂದಲೂ ಪ್ಲಾಸ್ಟಿಕ್ ತಡೆಗೆ ಹೆಸರಾದ ಜಿಲ್ಲೆ ನಮ್ಮದು. ಅಂಗಡಿಯಲ್ಲಿ ನಿಂತ ಕವರು ಶೌಚಾಲಯದ ಮೂಲಕ ಹಳ್ಳ ಸೇರಬಾರದು. ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವ ಪೋಷಕರು ಮೂರು ಪ್ರಶ್ನೆ ಕೇಳಲಿ: ಕೊಳಚೆಗೆ ಜಾಲರಿ ಇದೆಯೇ? ಅದನ್ನು ದಿನವೂ ಯಾರು, ಯಾವ ಕೈಗವಸು ಮತ್ತು ಸಲಕರಣೆಯಿಂದ ಶುಚಿ ಮಾಡುತ್ತಾರೆ? ಹೆಣ್ಣುಮಕ್ಕಳ ಶೌಚಾಲಯದಲ್ಲಿ ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯೇ? ಮೂರನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ ಮೊದಲ ಎರಡರ ಭಾರ ಹೆಚ್ಚುತ್ತದೆ. ಜಾಲರಿಗೆ ಬರುವ ಕಸದ ಬಹುಪಾಲನ್ನು ತಡೆಯಬೇಕಾದ ಜಾಗ ಶೌಚಾಲಯ ಮತ್ತು ಅಡುಗೆಮನೆಯೇ.