ಹೆಡ್‌ಸೆಟ್ ಹಾಕಿಕೊಂಡು ಕೆಲಸ ಕಲಿಯುವುದು

ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನ ಬ್ಲ್ಯಾಕ್ ಫ್ರೈಡೆ. ಭಾರೀ ರಿಯಾಯಿತಿ, ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಆ ನೂಕುನುಗ್ಗಲನ್ನು ಸಂಭಾಳಿಸುವುದನ್ನು ಹೊಸದಾಗಿ ಸೇರಿದ ನೌಕರರಿಗೆ ಹೇಗೆ ಕಲಿಸುವುದು? ವರ್ಷಕ್ಕೊಮ್ಮೆ ಬರುವ ದಿನ ಅದು. ಬಂದಾಗ ಹೇಳಿಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಇಂಥ ಸಂದರ್ಭಗಳನ್ನು ಮೊದಲೇ ತೋರಿಸಿಬಿಡಲು ವಾಲ್‌ಮಾರ್ಟ್ ಕಂಪನಿ 2017ರಲ್ಲಿ ತನ್ನ ತರಬೇತಿ ಕೇಂದ್ರಗಳಿಗೆ ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ಹೆಡ್‌ಸೆಟ್‌ಗಳನ್ನು ತಂದಿತು. ಮರುವರ್ಷ ಅಮೆರಿಕದ ತನ್ನ ಎಲ್ಲ ಅಂಗಡಿಗಳಿಗೆ ಸುಮಾರು 17,000 ಹೆಡ್‌ಸೆಟ್ ಕಳಿಸುವುದಾಗಿ ಪ್ರಕಟಿಸಿತು. ಈ ಪಾಠಗಳನ್ನು ತಯಾರಿಸಿದ ಸ್ಟ್ರೈವರ್ ಸಂಸ್ಥೆಯ ಮೂಲ ಅಮೆರಿಕನ್ ಫುಟ್‌ಬಾಲ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾಜಿ ಆಟಗಾರ ಡೆರೆಕ್ ಬೆಲ್ಚ್ ತಮ್ಮ ಪ್ರಾಧ್ಯಾಪಕ ಜೆರೆಮಿ ಬೇಲೆನ್ಸನ್ ಜೊತೆ ಸೇರಿ, ಎದುರಾಳಿಗಳ ಚಲನೆಯನ್ನು ಮೈದಾನಕ್ಕಿಳಿಯದೆ ಅಭ್ಯಾಸ ಮಾಡಿಸಲು ಶುರುಮಾಡಿದ್ದು ಅದು.

ಹೆಡ್‌ಸೆಟ್ ಮಾಡುವ ಮೋಸ ಸರಳ. ಎರಡು ಕಣ್ಣುಗಳಿಗೂ ತುಸು ಬೇರೆಯಾದ ಚಿತ್ರಗಳನ್ನು ಕೊಡುತ್ತದೆ. ಎರಡನ್ನೂ ಬೆಸೆದು ಮಿದುಳು ಆಳವನ್ನು ಕಾಣುತ್ತದೆ. ತಲೆ ತಿರುಗಿಸಿದರೆ ಒಳಗಿನ ಸೂಕ್ಷ್ಮ ಸಂವೇದಕಗಳು ಅದನ್ನು ಅಳೆದು, ದೃಶ್ಯವನ್ನೂ ಅಷ್ಟೇ ತಿರುಗಿಸುತ್ತವೆ. ಇದೆಲ್ಲ ಸುಮಾರು 20 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ತಡವಾದರೆ ಕಣ್ಣಿಗೂ ಒಳಕಿವಿಗೂ ತಾಳಮೇಳ ತಪ್ಪಿ ವಾಕರಿಕೆ ಬರುತ್ತದೆ. ಘಾಟಿಯ ಬಸ್ಸಿನಲ್ಲಿ ಮೊಬೈಲ್ ನೋಡುತ್ತ ಕೂತವರಿಗೆ ಆಗುವುದೂ ಇದೇ. ಅಲ್ಲಿ ಬಳುಕು ಒಳಕಿವಿಗೆ ಗೊತ್ತಾಗುತ್ತದೆ, ಕಣ್ಣಿಗಿಲ್ಲ. ವಿಆರ್‌ನಲ್ಲಿ ಎಷ್ಟೋ ಸಲ ಇದರ ತಿರುಗುಮುರುಗು.

ಇಷ್ಟೆಲ್ಲ ಮಾಡಿ ಕಲಿಕೆ ಆಗುತ್ತದೆಯೇ? 2002ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದನ್ನು ನೋಡಿ. ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ 16 ಕಿರಿಯ ವೈದ್ಯರಲ್ಲಿ ಅರ್ಧದಷ್ಟು ಮಂದಿಗೆ ವಿಆರ್ ಅಭ್ಯಾಸ ಮಾಡಿಸಿ, ಆಮೇಲೆ ಎಲ್ಲರಿಂದಲೂ ನಿಜವಾದ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿದರು. ಅಭ್ಯಾಸ ಪಡೆದವರು ಪಿತ್ತಕೋಶ ಬಿಡಿಸುವ ಹಂತವನ್ನು ಶೇ 29ರಷ್ಟು ಬೇಗ ಮುಗಿಸಿದರು. ಪಡೆಯದವರು ಪಿತ್ತಕೋಶಕ್ಕೆ ಗಾಯ ಮಾಡುವ ಇಲ್ಲವೇ ಪಕ್ಕದ ಅಂಗಾಂಶ ಸುಡುವ ಸಂಭವ ಐದು ಪಟ್ಟು ಹೆಚ್ಚಿತ್ತು. ಕುತೂಹಲದ ಸಂಗತಿಯೆಂದರೆ ಇಲ್ಲಿ ತಲೆಗೆ ಹೆಡ್‌ಸೆಟ್ಟೇ ಇರಲಿಲ್ಲ. ಇದ್ದದ್ದು ಪರದೆ ಮತ್ತು ಕೈಯಲ್ಲಿ ಉಪಕರಣದ ಹಿಡಿಗಳು. ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸುವ ಇಂಥ ಶಸ್ತ್ರಚಿಕಿತ್ಸೆ, ಮಾಡುವ ವೈದ್ಯರು ಅಸಲಿ ಆಪರೇಷನ್ ಮಾಡುವುದೂ ಪರದೆ ನೋಡಿಕೊಂಡೇ. ಅಭ್ಯಾಸಕ್ಕೂ ಅಸಲಿ ಕೆಲಸಕ್ಕೂ ಹೋಲಿಕೆ ಇದ್ದದ್ದೇ ಗೆಲುವಿನ ಗುಟ್ಟು ಎಂದು ನನಗನ್ನಿಸುತ್ತದೆ.

ಏಕೆಂದರೆ ಉಲ್ಟಾ ಫಲಿತಾಂಶವೂ ಇದೆ. ಸಂಶೋಧಕ ಗೀಡೋ ಮಕ್ರಾನ್ಸ್ಕಿ ಮತ್ತು ಸಂಗಡಿಗರು 52 ವಿದ್ಯಾರ್ಥಿಗಳಿಗೆ ಪ್ರಯೋಗಾಲಯದ ಪಾಠವನ್ನು ಕಂಪ್ಯೂಟರ್ ಪರದೆಯಲ್ಲೂ ಹೆಡ್‌ಸೆಟ್‌ನಲ್ಲೂ ಕೊಟ್ಟು ಹೋಲಿಸಿ, 2019ರಲ್ಲಿ ವರದಿ ಮಾಡಿದರು. ಹೆಡ್‌ಸೆಟ್‌ನಲ್ಲಿ ‘ಅಲ್ಲೇ ಇದ್ದೇನೆ’ ಎಂಬ ಭಾವ ಹೆಚ್ಚಿತ್ತು, ಕಲಿತದ್ದು ಕಡಿಮೆ. ಮಿದುಳಿನ ಅಲೆಗಳನ್ನು ಅಳೆದಾಗ ಅದರ ಮೇಲೆ ಹೊರೆ ಹೆಚ್ಚಾದದ್ದು ಕಂಡಿತು.

ಬೇಲೆನ್ಸನ್ ಕೊಡುವ ಸಲಹೆ ಹೀಗಿದೆ: ನಿಜದಲ್ಲಿ ಮಾಡಿದರೆ ಅಪಾಯಕರವಾದ, ಅಸಾಧ್ಯವಾದ, ದುಬಾರಿಯಾದ ಅಥವಾ ಕೆಡುಕೇ ಹೆಚ್ಚಾಗುವ ಕೆಲಸಗಳಿಗಷ್ಟೇ ವಿಆರ್ ಬಳಸಿ. ನಾಸಾ 1993ರಲ್ಲಿ ಹಬಲ್ ದೂರದರ್ಶಕದ ರಿಪೇರಿಗೆ ಸಿಬ್ಬಂದಿಯನ್ನು ಸಜ್ಜುಗೊಳಿಸುವಾಗ ವಿಆರ್ ಬಳಸಿದ್ದು ಈ ಅಳತೆಗೆ ಸರಿಹೊಂದುತ್ತದೆ. ರಜೆಯ ನಿಯಮ, ಪಿಎಫ್ ಫಾರ್ಮು, ಅಧ್ಯಕ್ಷರ ಸ್ವಾಗತ ಭಾಷಣ ಹೊಂದುವುದಿಲ್ಲ. ಅಕ್ಸೆಂಚರ್ ಕಂಪನಿ 2021ರಲ್ಲಿ ಹೊಸಬರನ್ನು ಬರಮಾಡಿಕೊಳ್ಳಲೆಂದು 60,000 ಹೆಡ್‌ಸೆಟ್ ತರಿಸಿತು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತವರಿಗೆ ಸಹೋದ್ಯೋಗಿಗಳ ಪರಿಚಯವಾಗಲು ಅದೊಂದು ದಾರಿ ಇರಬಹುದು. ಆದರೆ ಭಾಷಣ ವಿಆರ್‌ನಲ್ಲಿ ಕೇಳಿದರೂ ಭಾಷಣವೇ.

ಇನ್ನೊಂದು ಮಾತು, ಬೆಂಗಳೂರಿನ ಐಟಿ ನೌಕರರಿಗೂ ಬೇಕಾದದ್ದು. ಹೆಡ್‌ಸೆಟ್ ನಿಮ್ಮ ತಲೆ ಮತ್ತು ಕೈಗಳ ಪ್ರತಿ ಚಲನೆಯನ್ನೂ ಅಳೆಯುತ್ತದೆ. 2020ರಲ್ಲಿ ಬೇಲೆನ್ಸನ್ ಅವರ ಪ್ರಯೋಗಾಲಯ, ಐದು ನಿಮಿಷಕ್ಕೂ ಕಡಿಮೆ ಅವಧಿಯ ಇಂಥ ದತ್ತಾಂಶದಿಂದ 511 ಜನರ ಗುಂಪಿನಲ್ಲಿ ಯಾರು ಯಾರೆಂದು ಶೇ 95ರಷ್ಟು ನಿಖರವಾಗಿ ಗುರುತಿಸಬಹುದೆಂದು ತೋರಿಸಿತು. ಹೆಸರು ಅಳಿಸಿದರೂ ನಡೆನುಡಿ ಉಳಿಯುತ್ತದೆ. ಹೊಸ ಕೆಲಸದಲ್ಲಿ ಕೈಗೆ ಹೆಡ್‌ಸೆಟ್ ಕೊಟ್ಟರೆ, ಹಾಕಿಕೊಳ್ಳುವ ಮುಂಚೆ ಈ ದತ್ತಾಂಶ ಎಷ್ಟು ದಿನ, ಯಾರ ಬಳಿ ಇರುತ್ತದೆ, ಬಡ್ತಿಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಎಚ್‌ಆರ್ ವಿಭಾಗದವರನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.