ಹಾಲ್‌ನಲ್ಲಿ ಫುಲ್, ಬೆಡ್‌ರೂಮಿನಲ್ಲಿ ನಿಲ್

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಬಾಯಿಪಾಠವಾಗಿಬಿಟ್ಟಿವೆ. ಕಾವೇರಿ ನೀರಾ, ಬೋರಾ? ಅಡ್ವಾನ್ಸ್ ಎಷ್ಟು, ಬಿಡುವಾಗ ಪೇಂಟಿಂಗಿಗೆ ಅಂತ ಎಷ್ಟು ಹಿಡಿದುಕೊಳ್ಳುತ್ತೀರಿ? ಮೀಟರ್ ಬೇರೆ ಇದೆಯಾ? ಗಾಡಿ ಎಲ್ಲಿ ನಿಲ್ಲಿಸೋದು? ಇವೆಲ್ಲ ಮುಗಿದು ಮೆಟ್ಟಿಲಿಳಿಯುವಾಗ, ಆಗಷ್ಟೇ ನೆನಪಾದಂತೆ, ಇನ್ನೊಂದು: 'ಇಲ್ಲಿ ನೆಟ್‌ವರ್ಕ್ ಹೇಗೆ?' ಬ್ರೋಕರ್ ಉತ್ತರವೂ ಬಾಯಿಪಾಠದ್ದೇ. 'ಫುಲ್ ಇದೆ ಸರ್, ಜಿಯೋ, ಏರ್‌ಟೆಲ್ ಎಲ್ಲ ಬರುತ್ತೆ.' ಅವನೇನೂ ಸುಳ್ಳು ಹೇಳುತ್ತಿಲ್ಲ. ಅವನು ನಿಂತಿರುವುದು ಗೇಟಿನ ಹತ್ತಿರ.

ಸಿಗ್ನಲ್ ಎನ್ನುವುದು ಏರಿಯಾದ ಲೆಕ್ಕವಲ್ಲ, ಗೋಡೆಯ ಲೆಕ್ಕ. ಒಂದೇ ಮನೆಯ ಬಾಲ್ಕನಿಯಲ್ಲಿ ವಿಡಿಯೊ ಕಾಲ್ ಸಲೀಸಾಗಿ ಸಾಗುತ್ತದೆ, ಒಳಗಿನ ಕೋಣೆಯಲ್ಲಿ ಬ್ಯಾಂಕಿನ ಒಟಿಪಿ ಸಹ ಬರುವುದಿಲ್ಲ. ಕಾರಣ ಸರಳ. ಮೊಬೈಲ್ ಕಂಪನಿಗಳು ಬೇರೆಬೇರೆ ತರಂಗಾಂತರಗಳಲ್ಲಿ ಸೇವೆ ಕೊಡುತ್ತವೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡುಗಳು ದೂರ ಹೋಗುತ್ತವೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತವೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ 5ಜಿಯ ವೇಗವೆಲ್ಲ ಬಹುಪಾಲು ನಿಂತಿರುವುದು 3,500 ಮೆಗಾಹರ್ಟ್ಸ್ ಆಸುಪಾಸಿನ ಬ್ಯಾಂಡಿನ ಮೇಲೆ. ಅದು ಬಯಲಿನಲ್ಲಿ ಹುಲಿ, ಎರಡು ಕಾಂಕ್ರೀಟ್ ಗೋಡೆ ದಾಟುವಷ್ಟರಲ್ಲಿ ಇಲಿ. ರಸ್ತೆಯಲ್ಲಿ 5ಜಿ ತೋರಿಸಿದ ಫೋನು ಅಡುಗೆಮನೆಗೆ ಬಂದಕೂಡಲೇ 4ಜಿಗೆ ಇಳಿಯುವುದು ಇದಕ್ಕೇ. ಈಗ ಕಚೇರಿ ಕಟ್ಟಡಗಳಲ್ಲೂ ದುಬಾರಿ ಫ್ಲ್ಯಾಟುಗಳಲ್ಲೂ ಹಾಕುತ್ತಿರುವ, ಬಿಸಿಲ ಝಳ ತಡೆಯಲು ತೆಳುವಾಗಿ ಲೋಹದ ಲೇಪ ಕೊಟ್ಟ ಗಾಜಂತೂ ಬಿಸಿಲಿನ ಜೊತೆಗೆ ಸಿಗ್ನಲ್ಲನ್ನೂ ಹೊರಗೇ ನಿಲ್ಲಿಸುತ್ತದೆ.

ಹಾಗಾಗಿ ಮನೆ ನೋಡಲು ಹೋದಾಗ ಫೋನಿನ ಮೇಲಿನ ಕಡ್ಡಿಗಳನ್ನು ಎಣಿಸಿ ಬರುವುದರಲ್ಲಿ ಅರ್ಥವಿಲ್ಲ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಫೋನ್ ಕಂಪನಿ ತನಗೆ ಬೇಕಾದ ಹಾಗೆ ಇಟ್ಟುಕೊಂಡಿರುತ್ತದೆ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಒಳಗೆ ಸಿಮ್ ಸ್ಟೇಟಸ್ ಎಂಬುದಿದೆ. ಅಲ್ಲಿ ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್ ಗುರುತಿನೊಂದಿಗೆ, ಅಸಲಿ ಸಂಖ್ಯೆ ಸಿಗುತ್ತದೆ. ಮೈನಸ್ 85 ಇದ್ದರೆ ನಿಶ್ಚಿಂತೆ. ಮೈನಸ್ 105 ದಾಟಿತೆಂದರೆ ಮಾತು ಕಡಿದು ಕಡಿದು ಬರುವ ಸಂಭವ ಹೆಚ್ಚು. 115ರ ಹತ್ತಿರ ಹೋದರೆ ಆ ಕೋಣೆಯ ಆಸೆ ಬಿಡಬೇಕು. ಹತ್ತು ಅಂಕಿ ಇಳಿಯಿತು ಎಂದರೆ ಸಿಗ್ನಲ್ಲಿನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಕುಸಿಯಿತು ಎಂದರ್ಥ. ಹಾಲ್‌ನಲ್ಲಿ ಮೈನಸ್ 88 ತೋರಿಸಿದ ಫೋನು, ಬಾಗಿಲು ಹಾಕಿಕೊಂಡ ಹಿಂದಿನ ಕೋಣೆಯಲ್ಲಿ ಮೈನಸ್ 108 ತೋರಿಸಿದರೆ, ಅಲ್ಲಿಗೆ ತಲುಪುತ್ತಿರುವುದು ನೂರರಲ್ಲಿ ಒಂದು ಪಾಲು. ಕೆಲಸದ ಮೇಜು ಇಡುವುದು ಆ ಕೋಣೆಯಲ್ಲೇ ತಾನೇ? ಮನೆ ತೋರಿಸುವವರು ಏನಂದುಕೊಂಡರೂ ಸರಿ, ಬಾಗಿಲು ಹಾಕಿಕೊಂಡು ಒಂದು ನಿಮಿಷ ನಿಲ್ಲಬೇಕು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರಲ್ಲಿ ತಂದ ಗುಣಮಟ್ಟದ ನಿಯಮಗಳ ಪ್ರಕಾರ ಎಲ್ಲ ಕಂಪನಿಗಳೂ ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಹಾಕಬೇಕು. ಒಳ್ಳೆಯದೇ, ನೋಡಿ. ಆದರೆ ಅದು ಬೀದಿಯ ಸುದ್ದಿ ಹೇಳುತ್ತದೆ, ಮಲಗುವ ಕೋಣೆಯದ್ದಲ್ಲ. ಸಿಗ್ನಲ್ ತುಂಬಿದ್ದೂ ಡೇಟಾ ತೆವಳುವುದು ಬೇರೆಯದೇ ಸಂಕಟ. ರಾತ್ರಿ ಎಂಟರಿಂದ ಹತ್ತರವರೆಗೆ, ಅದರಲ್ಲೂ ಐಪಿಎಲ್ ನಡೆಯುವಾಗ, ಒಂದೇ ಟವರಿನ ಮೇಲೆ ಇಡೀ ಬಡಾವಣೆ ಬಿದ್ದಿರುತ್ತದೆ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ನೋಡಿ ಒಪ್ಪಿದ ಮನೆಗೆ, ಟೋಕನ್ ಕೊಡುವ ಮುಂಚೆ ವಾರದ ನಡುವೆ ರಾತ್ರಿ ಒಂಬತ್ತಕ್ಕೊಮ್ಮೆ ಹೋಗಿಬಂದರೆ ನಷ್ಟವೇನಿಲ್ಲ.

ಮಲೆನಾಡಿನ ಕಥೆಯೇ ಬೇರೆ, ಅದನ್ನು ತುಸು ಬಿಡಿಸಿ ಹೇಳಬೇಕು. 2020ರ ಲಾಕ್‌ಡೌನಿನಲ್ಲಿ ಕೊಪ್ಪ, ತೀರ್ಥಹಳ್ಳಿ, ಶಿರಸಿ ಕಡೆಯ ಹುಡುಗ ಹುಡುಗಿಯರೆಲ್ಲ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದರಲ್ಲ, ಆಗ ಗುಡ್ಡದ ನೆತ್ತಿಗಳಲ್ಲಿ ಟಾರ್ಪಾಲಿನ ಗುಡಿಸಲುಗಳು ಎದ್ದವು. ಮರುವರ್ಷ ಸುಳ್ಯ ತಾಲೂಕಿನಲ್ಲಿ ಮಳೆಯಲ್ಲಿ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಇಲ್ಲಿನ ತೊಡಕಿಗೆ ಮೂಲ ನಮ್ಮ ಹಿರಿಯರು ಮನೆ ಕಟ್ಟಿದ ಜಾಗದಲ್ಲೇ ಇದೆ. ಅಡಿಕೆ ತೋಟ ಇರುವುದು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ, ನೀರಿರುವಲ್ಲಿ. ಮನೆ ತೋಟದ ತಲೆಯಲ್ಲಿ. ನೀರಿಗೆ, ಗಾಳಿಗೆ, ಕಾವಲಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಆದರೆ ಟವರಿನ ಕಣ್ಣಿಗೆ ಅದು ಬೀಳುವುದೇ ಇಲ್ಲ, ನಡುವೆ ಗುಡ್ಡ. ಸಾಲದ್ದಕ್ಕೆ ಮಳೆಗಾಲದ ಒದ್ದೆ ಎಲೆಗಳೂ ಸಿಗ್ನಲ್ಲನ್ನು ನುಂಗುತ್ತವೆ.

ಇಲ್ಲಿನ ಊರುಗಳೋ, ಒಂಟಿಮನೆಗಳ ಊರುಗಳು. ಮೂಲೆಮೂಲೆಯ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸುವ 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಅಂಥ ಯೋಜನೆಯಲ್ಲಿ ಬಯಲುಸೀಮೆಯ ಹಳ್ಳಿಗೆ ಟವರ್ ಬಂದರೆ ಮನೆಮನೆಗೂ ಬಂದಂತೆ. ಮಲೆನಾಡಿನಲ್ಲಿ ಪಂಚಾಯಿತಿ ಕಟ್ಟೆಯ ಹತ್ತಿರ ಟವರ್ ಎದ್ದರೆ, ಎರಡು ಕಿಲೋಮೀಟರ್ ಆಚೆ ಹಳ್ಳದ ಬದಿಯ ಮನೆಗೆ ಅದು ಬರೀ ರಾತ್ರಿ ಕಾಣುವ ಕೆಂಪು ದೀಪ. ಊರಿಗೆ ನೆಟ್‌ವರ್ಕ್ ಬಂದಿದೆ ಎಂಬ ಮಾತು ಕೇಳಿ ಜಾಗ ಕೊಳ್ಳುವವರು ಇದನ್ನು ಮರೆಯಬಾರದು. ಹೆಣ್ಣು ಕೊಡುವ ಮನೆಯವರು ಮಾತ್ರ ಮರೆಯುವುದಿಲ್ಲ. ಬಂದವರು ಕಾಫಿ ಕುಡಿಯುವುದರೊಳಗೆ ಒಬ್ಬ ಮಾವನೋ ಅಣ್ಣನೋ ಫೋನ್ ಹಿಡಿದು ಅಂಗಳ, ಜಗುಲಿ, ಹಿತ್ತಿಲು ಸುತ್ತಿ ಬಂದಿರುತ್ತಾನೆ.

ಬೆಂಗಳೂರಿನಿಂದ ಬಂದು ಫೆಬ್ರವರಿಯ ಎಳೆಬಿಸಿಲಿನಲ್ಲಿ ಸೈಟು ನೋಡಿ ಮರುಳಾಗುವವರಿಗೆ ಒಂದು ಮಾತು: ಆಷಾಢದಲ್ಲಿ ಬನ್ನಿ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಟವರ್ ಕೆಲವು ಗಂಟೆ ಬ್ಯಾಟರಿಯ ಮೇಲೆ ನಡೆಯುತ್ತದೆ. ಆಮೇಲೆ ಜನರೇಟರಿಗೆ ಡೀಸೆಲ್ ಹಾಕುವ ಪುಣ್ಯಾತ್ಮ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಫೈಬರ್ ಇದೆಯಲ್ಲ ಎನ್ನಬಹುದು. ಕಂಬದಿಂದ ಕಂಬಕ್ಕೆ ಎಳೆದ ಆ ತೆಳ್ಳನೆ ದಾರದ ಮೇಲೂ ಅದೇ ಮರ ಬಿದ್ದಿರುತ್ತದೆ. ಬಿಎಸ್‌ಎನ್‌ಎಲ್‌ನ ಹಳೆಯ ತಾಮ್ರದ ತಂತಿಯ ಫೋನಿಗೆ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಮನೆಯಲ್ಲಿ ದೀಪ ಆರಿದರೂ ಅದು ರಿಂಗಾಗುತ್ತಿತ್ತು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಮನೆಯಲ್ಲಿಟ್ಟ ಫೈಬರ್ ಪೆಟ್ಟಿಗೆಗೆ ನೀವೇ ಬ್ಯಾಕಪ್ ಕೊಡಬೇಕು. ರೌಟರಿಗೆಂದೇ ಅಂಗೈಯಗಲದ ಯುಪಿಎಸ್‌ಗಳು ಸಿಗುತ್ತವೆ, ಅಷ್ಟಾದರೂ ಇರಲಿ. ಅದಕ್ಕಿಂತ ಮುಖ್ಯ, ಲೈನು ಕಡಿದಾಗ ಬಂದು ಜೋಡಿಸುವವನು ಯಾರು, ಎಲ್ಲಿರುತ್ತಾನೆ ಎಂದು ಅಕ್ಕಪಕ್ಕದ ಮನೆಯಲ್ಲಿ ಕೇಳಿಕೊಳ್ಳುವುದು. ಕಂಪನಿಯ ಜಾಲತಾಣ ಪಿನ್‌ಕೋಡ್ ಕೇಳಿ 'ಸೇವೆ ಲಭ್ಯ' ಎನ್ನುತ್ತದೆ. ಒಂದು ಪಿನ್‌ಕೋಡಿನೊಳಗೆ ನಾಲ್ಕು ಗುಡ್ಡಗಳಿರುತ್ತವೆ.

ಫೈಬರ್ ಇದ್ದ ಮನೆಗೆ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಒಂದು ದಾರಿಯಿದೆ. 2019ರ ಕೊನೆಗೆ ಏರ್‌ಟೆಲ್, 2020ರ ಮೊದಲಿಗೆ ಜಿಯೋ ಶುರುಮಾಡಿದ ವೈಫೈ ಕಾಲಿಂಗ್. ಫೋನಿನಲ್ಲಿ ಆನ್ ಮಾಡಿಕೊಂಡರಾಯಿತು, ಹೆಚ್ಚಿನ ದುಡ್ಡಿಲ್ಲ. ಅದನ್ನು ಬಿಟ್ಟು ಅಂಗಡಿಯಲ್ಲಿ ಸಿಗುವ 'ಬೂಸ್ಟರ್' ತಂದು ಮಾಡಿನ ಮೇಲೆ ಕಟ್ಟಿದರೆ ಅದು ಕಾನೂನುಬಾಹಿರ, ಪಕ್ಕದವರ ಕಾಲ್ ಕೂಡ ಕೆಡುತ್ತದೆ.

ನಗರದ ಅಪಾರ್ಟ್‌ಮೆಂಟುಗಳಿಗೆ ಗುಡ್ಡದ ಕಾಟವಿಲ್ಲ, ಬಿಲ್ಡರನದ್ದಿದೆ. ಒಂದೇ ಇಂಟರ್‌ನೆಟ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಬೇರೆಯವರ ಕೇಬಲ್ಲನ್ನು ಒಳಗೇ ಬಿಡದ ಸಮುಚ್ಚಯಗಳಿವೆ. ಹೀಗಾಗಬಾರದೆಂದು ಟ್ರಾಯ್ 2017ರಲ್ಲೇ ಶಿಫಾರಸು ಮಾಡಿತ್ತು. 2024ರ ಅಕ್ಟೋಬರ್‌ನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡುವ ನಿಯಮವನ್ನೂ ತಂದಿತು. ಕಡ್ಡಾಯವೇನಲ್ಲ, ಆದರೂ ಮಾರಾಟದ ಆಫೀಸಿನಲ್ಲಿ 'ರೇಟಿಂಗ್ ಇದೆಯಾ, ಎಷ್ಟು ಕಂಪನಿ ಒಳಗೆ ಬರುತ್ತವೆ' ಎಂದು ಕೇಳುವವರು ಹೆಚ್ಚಿದರೆ ಕೆಲಸವಾಗುತ್ತದೆ. ಸಂಘದವರನ್ನೂ ಕೇಳಬೇಕು, ಏಕೆಂದರೆ ಮಹಡಿಯ ಮೇಲೆ ಟವರ್ ಬೇಡವೆಂದು ಸಹಿ ಸಂಗ್ರಹಿಸಿದವರೇ ಲಿಫ್ಟಿನಲ್ಲಿ ಸಿಗ್ನಲ್ ಇಲ್ಲವೆಂದು ಗೊಣಗುವುದು ನಮ್ಮಲ್ಲಿ ಮಾಮೂಲು. ಭಾರತದಲ್ಲಿ ಟವರ್ ವಿಕಿರಣದ ಮಿತಿ 2012ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗದಷ್ಟೇ. ಅನುಮಾನವಿದ್ದರೆ ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಜಾಲತಾಣದಲ್ಲಿ ನಿಮ್ಮ ಪಕ್ಕದ ಟವರಿನ ವಿವರ ನೋಡಬಹುದು. ನನ್ನ ಮಟ್ಟಿಗೆ, ಪಕ್ಕದ ಬೀದಿಯಲ್ಲಿ ಟವರಿರುವ ಮನೆಗೇ ನಾಲ್ಕು ಕಾಸು ಹೆಚ್ಚು ಕೊಟ್ಟೇನು.

ಸ್ವಂತ ಮನೆ ಕಟ್ಟಿಸುವವರಿಗೆ ಒಂದು ಅನುಕೂಲವಿದೆ. ಬಾವಿಗೆ ಜಲ ನೋಡಿಸುವ ಹಾಗೆ, ಪಾಯಕ್ಕೆ ಗೂಟ ಹೊಡೆಯುವ ಮುಂಚೆ ಎರಡು ಕಂಪನಿಯ ಸಿಮ್ ಹಾಕಿದ ಫೋನು ಹಿಡಿದು ಇಡೀ ಜಾಗ ಸುತ್ತಬಹುದು. ಇಳಿಜಾರಿನಲ್ಲಿ ಮನೆಯನ್ನು ಐವತ್ತು ಅಡಿ ಮೇಲಕ್ಕೆ ಸರಿಸಿದರೆ ಮೈನಸ್ 112 ಇದ್ದದ್ದು ಮೈನಸ್ 95 ಆಗಲೂಬಹುದು. ವಾಸ್ತು ನೋಡುವವರು ತಕರಾರು ತೆಗೆದರೆ ಮಾತಾಡಿಸಿ ಒಪ್ಪಿಸಿ. ಇನ್ನು ಗೇಟಿನ ಬಳಿಯ ಕಂಬದಿಂದ ಹಾಲ್‌ವರೆಗೆ, ಹಾಲ್‌ನಿಂದ ಕೆಲಸದ ಕೋಣೆಯವರೆಗೆ, ಕೇಬಲ್ಲಿಗೆಂದೇ ಒಂದಿಂಚಿನ ಖಾಲಿ ಪಿವಿಸಿ ಪೈಪು ಹುಗಿಸಿ, ಒಳಗೊಂದು ಎಳೆಯುವ ದಾರವನ್ನೂ ಬಿಡಿಸಿ. ಮೇಸ್ತ್ರಿಗೆ ಇದನ್ನು ಮೊದಲೇ ಹೇಳಿ. ಟೈಲ್ಸ್ ಕೂರಿಸಿದ ಮೇಲೆ ಹೇಳಿದರೆ ಅವನೂ ಫೋನ್ ಎತ್ತುವುದಿಲ್ಲ.