ಊದಿದ ಮಗು, ಊದದ ಅಜ್ಜ

ಬೆಳಿಗ್ಗೆ ಎದ್ದ ಮಗುವಿನ ಕಣ್ಣಿನ ಸುತ್ತ ಊತ. ಕೆಲವೇ ದಿನಗಳಲ್ಲಿ ಕಾಲು, ಹೊಟ್ಟೆಯೂ ಊದಿಕೊಳ್ಳುತ್ತವೆ. ಮೂತ್ರ ನೊರೆನೊರೆ. ಅಲರ್ಜಿಯಿರಬೇಕೆಂದು ಮಾತ್ರೆ ಕೊಟ್ಟು ಕಾಯುವುದೂ ಉಂಟು. ಮೂತ್ರ ಪರೀಕ್ಷೆಯಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ವಿಪರೀತ ಬಂದಾಗಲೇ ಕಿಡ್ನಿಯ ಮೇಲೆ ಗುಮಾನಿ.

ಒಂದೊಂದು ಕಿಡ್ನಿಯಲ್ಲೂ ಸರಾಸರಿ 10 ಲಕ್ಷ ಗ್ಲೋಮೆರುಲಸ್‌ಗಳಿವೆ. ಸೂಕ್ಷ್ಮ ರಕ್ತನಾಳಗಳ ಈ ಉಂಡೆಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಮೂತ್ರವಾಗುವುದು ಒಂದೂವರೆ ಲೀಟರ್ ಅಷ್ಟೆ, ಉಳಿದದ್ದು ರಕ್ತಕ್ಕೇ ವಾಪಸ್. ಅಲ್ಬುಮಿನ್ ಮಾತ್ರ ಸೋರಬಾರದು. ಅದನ್ನು ತಡೆಯುವಲ್ಲಿ ಪೋಡೋಸೈಟ್ ಎಂಬ ಜೀವಕೋಶದ ಪಾತ್ರ ದೊಡ್ಡದು. ರಕ್ತನಾಳವನ್ನು ಹೊರಗಿನಿಂದ ತಬ್ಬಿರುವ ಅದರ ಪುಟ್ಟ ಪಾದಗಳು ಪಕ್ಕದ ಕೋಶದ ಪಾದಗಳ ನಡುವೆ ಹೆಣೆದುಕೊಂಡಿರುತ್ತವೆ.

ಮಗುವಿಗೆ ಬಂದದ್ದು ಬಹುಮಟ್ಟಿಗೆ ‘ಮಿನಿಮಲ್ ಚೇಂಜ್’ ಕಾಯಿಲೆ. ಇಷ್ಟೊಂದು ಊದಿದ್ದರೂ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಗ್ಲೋಮೆರುಲಸ್ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಗುಟ್ಟು ಬಯಲಾದದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ: ಪೋಡೋಸೈಟ್‌ನ ಪಾದಗಳು ಚಪ್ಪಟೆಯಾಗಿ ಒಂದಾಗಿಬಿಟ್ಟಿದ್ದವು. ಸ್ಟೀರಾಯ್ಡ್ ಕೊಟ್ಟರೆ ಹೆಚ್ಚಿನ ಮಕ್ಕಳಲ್ಲಿ ಪಾದಗಳು ಮತ್ತೆ ಮೊದಲಿನಂತಾಗುತ್ತವೆ. ಹಾಗಾಗಿ ಮಕ್ಕಳಿಗೆ ಮೊದಲೇ ಬಯಾಪ್ಸಿ ಮಾಡುವ ರೂಢಿಯಿಲ್ಲ. ಕಾಯಿಲೆ ಮರುಕಳಿಸುವುದು ಮಾತ್ರ ಮಾಮೂಲು.

ಅದೇ ಮನೆಯ ಅಜ್ಜನಿಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ ಇದೆಯೆನ್ನಿ. ಊತವಿಲ್ಲ, ನೋವಿಲ್ಲ. ಆದರೆ ಅವರ ಕಿಡ್ನಿಯ ಚೂರಿಗೆ ಬಣ್ಣ ಹಾಕಿ ನೋಡಿದರೆ ಹಾನಿ ಎದ್ದು ಕಾಣಬಹುದು. ರಕ್ತನಾಳದ ಗೋಡೆಯ ಪೊರೆ ದಪ್ಪವಾಗಿದೆ, ನಾಳಗಳ ನಡುವಿನ ಮೆಸಾಂಜಿಯಂ ಹಿಗ್ಗಿದೆ, ಅಲ್ಲಲ್ಲಿ ಗುಲಾಬಿ ಬಣ್ಣದ ದುಂಡನೆಯ ಗಂಟುಗಳು. ವೈದ್ಯರಾದ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ 1936ರಲ್ಲಿ ವರ್ಣಿಸಿದ ಗಂಟುಗಳಿವು. ಅವು ಬೆಳೆದಂತೆ ಪಕ್ಕದ ನಾಳಗಳು ಅದುಮಿಹೋಗಿ ಸೋಸುವ ಜಾಗವೇ ಕಡಿಮೆಯಾಗುತ್ತದೆ. ಇದು ಮಗುವಿನ ಕಾಯಿಲೆಯಂತೆ ವಾರಗಳಲ್ಲಿ ಸರಿಹೋಗುವಂಥದ್ದಲ್ಲ.

ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ನಾರ್ಮಲ್ ಇದೆಯೆಂದು ಅಜ್ಜ ನಿಶ್ಚಿಂತೆಯಿಂದ ಇರುವುದು ನನಗಂತೂ ಸರಿಕಾಣದು. ಕಿಡ್ನಿ ಅರ್ಧದಷ್ಟು ಶಕ್ತಿ ಕಳೆದುಕೊಳ್ಳುವವರೆಗೂ ಆ ಅಂಕಿ ಏರದೇ ಇರಬಹುದು. ಕೇಳಬೇಕಾದದ್ದು ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಮೂರು ತಿಂಗಳಾದರೂ ಅದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿಯೇ ಇದ್ದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದೇ ಲೆಕ್ಕ. ಟೈಪ್ 2 ಸಕ್ಕರೆ ಕಾಯಿಲೆಯವರು ರೋಗ ಪತ್ತೆಯಾದ ದಿನದಿಂದಲೇ, ಟೈಪ್ 1ರವರು ಐದು ವರ್ಷದ ನಂತರ, ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು.